ಬೆಣ್ಣೆಹಣ್ಣಿಗೆ ಬೀಗ

ಗೇಟಮ್ಮ ಕೆಲಸ ಬಿಟ್ಟು ಮನೆ ಸೇರಿ ವರ್ಷಗಳೇ ಆಗಿದ್ದರೂ ಅವಳ ಕೈಗಳು ಮಾತ್ರ ಇನ್ನೂ ಡ್ಯೂಟಿ ಬಿಟ್ಟಿರಲಿಲ್ಲ. ಮೀನು, ಮಾಂಸ, ಹಣ್ಣುಗಳನ್ನು ಹೆಪ್ಪುಗಟ್ಟಿಸಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ನಿಂತು, ಸಂಜೆ ಮನೆಗೆ ಹೊರಟ ಹೆಂಗಸರ ಚೀಲ ತಡಕಿ, ಸೊಂಟ ಸವರಿ, ಊಟದ ಡಬ್ಬಿ ಬಿಚ್ಚಿಸಿ ನೋಡುವುದು ಅವಳ ಕೆಲಸವಾಗಿತ್ತು. ಆ ಹೆಸರು ಬಂದಿದ್ದೂ ಅಲ್ಲಿಂದಲೇ. ಸ್ವಂತ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಗಂಡನಿಗಾದರೂ ನೆನಪಿದೆಯೋ ಇಲ್ಲವೋ, ಅವಳು ಕೇಳಲು ಹೋಗಿಲ್ಲ.

ಮನೆಯಲ್ಲೂ ಅದೇ ಚಾಳಿ. ಮೊಮ್ಮಗಳು ಪುಟ್ಟಿ ಶಾಲೆಯಿಂದ ಬಂದರೆ ಬ್ಯಾಗು ಇಳಿಸಿಕೊಳ್ಳುವ ನೆಪದಲ್ಲಿ ಹೊರಗಿನಿಂದಲೇ ಒಮ್ಮೆ ಹಿಸುಕಿ, "ಕಂಪಾಸ್ ಡಬ್ಬಿ ಶಾಲೇಲೇ ಬಿಟ್ಟು ಬಂದ್ಯಾ?" ಅನ್ನುತ್ತಿದ್ದಳು. ಡೆಲಿವರಿ ವ್ಯಾನ್ ಓಡಿಸುವ ಮಗ ಬಾಗಿಲಲ್ಲಿ ಎರಡೂ ಕೈ ಮೇಲೆತ್ತಿ ನಿಂತು, "ಚೆಕ್ ಮಾಡ್ಕೊಳ್ಳಮ್ಮ, ಆಮೇಲೆ ಚಪ್ಪಲಿ ಬಿಡ್ತೀನಿ" ಎಂದು ನಗಿಸುತ್ತಿದ್ದ. ಸೊಸೆಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಅವಳ ಬ್ಯಾಗು ಬಾಗಿಲಲ್ಲಿ ಇಳಿಯುತ್ತಿರಲಿಲ್ಲ, ನೇರ ರೂಮಿಗೆ ಹೋಗುತ್ತಿತ್ತು. ಗೇಟಮ್ಮನ ಕಣ್ಣೂ ಅದರ ಹಿಂದೆಯೇ ಹೋಗುತ್ತಿತ್ತು.

ಹಿತ್ತಲಲ್ಲಿ ಒಂದು ಬೆಣ್ಣೆಹಣ್ಣಿನ ಮರ. ಅದರ ಬುದ್ಧಿಯೇ ಒಂದು ಥರ. ಒಂದು ವರ್ಷ ತೆಪ್ಪಗಿರುತ್ತದೆ, ಮರುವರ್ಷ ಕೊಂಬೆ ಬಾಗುವಷ್ಟು ಬಿಡುತ್ತದೆ. ಕಿತ್ತು ಬುಟ್ಟಿಗೆ ಹಾಕಿದ್ದು ಇವತ್ತು ಕಲ್ಲು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಣ್ಣೆ, ಆಮೇಲೆ ಕೊಳೆ. ಇಡೀ ಬೀದಿಗೆ ಹಂಚಿದರೂ ಉಳಿಯುತ್ತದೆ. ಗೇಟಮ್ಮ ಕೆಲಸ ಬಿಡುವಾಗ ಕಂಪನಿಯವರು ತಮಗೆ ಬೇಡವಾದ ಒಂದು ಹಳೇ ಡೀಪ್ ಫ್ರೀಜರ್ ಕೊಟ್ಟಿದ್ದರು. ದೊಡ್ಡ ಪೆಟ್ಟಿಗೆಯ ಹಾಗೆ ಮೇಲಿನಿಂದ ಮುಚ್ಚಳ ತೆಗೆಯುವಂಥದ್ದು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಅದು ಗುರ್ ಅನ್ನುತ್ತ ಬಿದ್ದಿರುತ್ತಿತ್ತು. ಫಸಲಿನ ವರ್ಷ ಮನೆ ಮಂದಿಯೆಲ್ಲ ಕೂತು ಹಣ್ಣು ಕೊಯ್ದು, ತಿರುಳು ಅರೆದು, ಅದರ ಹೊಟ್ಟೆ ತುಂಬಿಸುತ್ತಿದ್ದರು. ಮರ ಬರಿದಾದ ಮೇಲೂ ತಿಂಗಳುಗಟ್ಟಲೆ ಬ್ರೆಡ್ಡಿಗೆ, ಜ್ಯೂಸಿಗೆ, ಪುಟ್ಟಿಯ ಸಂಜೆಯ ಹಸಿವಿಗೆ ಅದೇ.

ಆ ಸಲವೂ ಒಂದು ರಜೆಯ ದಿನ ಎಲ್ಲರೂ ನೆಲದ ಮೇಲೆ ಹಳೇ ಬೆಡ್‌ಶೀಟು ಹಾಸಿಕೊಂಡು ಕೂತರು.

"ಇದು ಬೇಡ, ಆ ಕಡೆ ಇಡು," ಗೇಟಮ್ಮ ಹೆಬ್ಬೆರಳಲ್ಲಿ ಒತ್ತಿ ನೋಡಿ ಹೇಳಿದಳು. "ಗಟ್ಟಿ ಇದ್ದಾಗ ಒಳಗೆ ಹಾಕಿದ್ರೆ ಆಮೇಲೆ ಜನ್ಮದಲ್ಲಿ ಹಣ್ಣಾಗಲ್ಲ. ನಿಂಬೆರಸ ಹಿಂಡಿದ್ಯಾ?"

"ಹಿಂಡಿದೆ ಅತ್ತೆ," ಅಂದಳು ಸೊಸೆ.

"ಎಷ್ಟು?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ? ಕಮ್ಮಿಯಾದ್ರೆ ಕಪ್ಪಾಗತ್ತೆ, ಜಾಸ್ತಿಯಾದ್ರೆ ಮಗು ಮುಖ ಸಿಂಡರಿಸತ್ತೆ."

"ಅಮ್ಮ, ನನ್ನ ಮದುವೇಲೂ ನೀನು ಇಷ್ಟು ತಲೆ ಕೆಡಿಸ್ಕೊಂಡಿರಲಿಲ್ಲ," ಅಂದ ಮಗ.

"ಅದಕ್ಕೇ ಈಗ ಅನುಭವಿಸ್ತಿರೋದು," ಅಂದಳು ಗೇಟಮ್ಮ. ಸೊಸೆ ನಿಂಬೆಹಣ್ಣನ್ನು ಸ್ವಲ್ಪ ಜೋರಾಗಿಯೇ ಹಿಂಡಿದಳು.

ಗೇಟಮ್ಮನ ಯಜಮಾನರು ಗೋಡೆಗೆ ಒರಗಿ ಹಣ್ಣು ಸೀಳಿ ಬೀಜ ತೆಗೆದುಕೊಡುತ್ತಿದ್ದರು. ಪೇಟೆಯ ಮೂಲೆಯಲ್ಲಿ ಒಂದು ಪುಟ್ಟ ಗೂಡಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವುದು, ಕೀಲಿ ಮಾಡಿಕೊಡುವುದು ಅವರ ಕಸುಬು. ಮಾತು ಕಮ್ಮಿ. ಹೆಂಡತಿ ಇಬ್ಬರ ಪಾಲಿನದನ್ನೂ ಆಡುತ್ತಾಳೆಂದು ಬಿಟ್ಟುಬಿಟ್ಟಿದ್ದಾರೆಂದು ಮಗ ಹೇಳುತ್ತಿದ್ದ. ಅವರು ಕೊಟ್ಟ ತಿರುಳನ್ನು ಅರೆದು ಪ್ಲಾಸ್ಟಿಕ್ ಕವರಿಗೆ ತುಂಬಿ, ಗಾಳಿಯೆಲ್ಲ ಹೊರಗೆ ಹೋಗುವಂತೆ ಅಂಗೈಯಲ್ಲಿ ಸವರಿ, ಚಪ್ಪಟೆಯಾಗಿ ತಟ್ಟೆಯ ಮೇಲೆ ಮಲಗಿಸಿ ಒಳಗಿಟ್ಟರು. ಕಲ್ಲಾದ ಮೇಲೆ ಗೇಟಮ್ಮ ಅವನ್ನೆಲ್ಲ ಪುಸ್ತಕ ಜೋಡಿಸಿದ ಹಾಗೆ ಒತ್ತೊತ್ತಾಗಿ ನಿಲ್ಲಿಸಿದಳು. ಕಂಪನಿಯಲ್ಲಿ ಹೀಗೇ ನಿಲ್ಲಿಸುವುದು. ಒಂದು ತೆಗೆದರೂ ಸಂದು ಬಿದ್ದು ಗೊತ್ತಾಗಬೇಕು.

ಮರದ ಕೊನೆಯ ಬುಟ್ಟಿ ಇಳಿಸಿದ ವಾರವೇ ಸಂದು ಬಿತ್ತು. ಒಂದು ಪ್ಯಾಕೆಟ್ಟು ಪಕ್ಕದ್ದರ ಮೇಲೆ ವಾಲಿಕೊಂಡಿತ್ತು. ಗೇಟಮ್ಮ ಮುಚ್ಚಳ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು. ಬೀಸುವ ತಂಪಿನಲ್ಲೂ ಅವಳ ಕಿವಿ ಬಿಸಿಯಾಯಿತು.

"ಪುಟ್ಟಿ, ಫ್ರೀಜರ್ ಮುಚ್ಚಳ ತೆಗೆದ್ಯಾ?"

"ಅದು ನಂಗೆ ಎತ್ತಕ್ಕೇ ಆಗಲ್ಲ ಅಜ್ಜಿ. ಎತ್ತಕ್ಕಾಗಿದ್ರೆ ತೆಗೀತಿದ್ದೆ."

ಮಗನನ್ನು ಕೇಳಿದಳು. "ನಂಗೆ ಆ ಹಣ್ಣೇ ಸೇರಲ್ಲ, ಗೊತ್ತಲ್ಲ ನಿಂಗೆ," ಅಂದ. ಸೊಸೆಯನ್ನು ಕೇಳಿದಳು. "ನೀವು ಕೈಯೆತ್ತಿ ಕೊಡದೆ ನಾನು ಈ ಮನೇಲಿ ಏನನ್ನಾದ್ರೂ ತಗೊಂಡಿದೀನಾ ಅತ್ತೆ?" ಅಂದಳು. ಹೌದು, ಇಲ್ಲ ಅನ್ನುವುದನ್ನು ಬಿಟ್ಟು ತಿರುಗಿ ಪ್ರಶ್ನೆ ಹಾಕುವವರನ್ನು ಗೇಟಮ್ಮ ಗೇಟಿನಲ್ಲಿ ಬೇಕಾದಷ್ಟು ನೋಡಿದ್ದಳು. ಅಂಥವರನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದಳು. ಗಂಡನನ್ನು ಮಾತ್ರ ಕೇಳಲಿಲ್ಲ. ಆ ಮನುಷ್ಯನಿಗೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅನ್ನುವುದೇ ಈ ವಯಸ್ಸಿನವರೆಗೆ ಗೊತ್ತಿಲ್ಲ, ಇನ್ನು ಫ್ರೀಜರಿಗೆ ಕೈ ಹಾಕುತ್ತಾರಾ!

ವಾರಕ್ಕೊಂದು ಹೋಗುತ್ತಿತ್ತು. ಆಮೇಲೆ ದಿನ ಬಿಟ್ಟು ದಿನ. ಗೇಟಮ್ಮ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮುಚ್ಚಳ ತೆಗೆದು ನೋಡುತ್ತಿದ್ದಳು, ಮಧ್ಯಾಹ್ನ ನೋಡುತ್ತಿದ್ದಳು, ಎಲ್ಲರೂ ಊಟಕ್ಕೆ ಕೂತಾಗ ಅನ್ನ ತರುವ ನೆಪದಲ್ಲಿ ಇನ್ನೊಮ್ಮೆ ನೋಡಿ ಬರುತ್ತಿದ್ದಳು. ಊಟದ ಹೊತ್ತಿಗೆ ಅವಳ ಕಣ್ಣು ಸೊಸೆಯ ಕೈಮೇಲೆ. ಒಂದು ದಿನ ಆ ಕೈಯ ಉಗುರಿನ ಸಂದಿಯಲ್ಲಿ ಹಸಿರು ಕಂಡಿತು.

"ಅದೇನೇ ಉಗುರಲ್ಲಿ?"

"ಪ್ಯಾಕು ಅತ್ತೆ. ಮುಖಕ್ಕೆ ಹಾಕೋದು. ದಿನಾ ಹಾಕೋದೇ ನನ್ನ ಕೆಲಸ."

ಸೊಸೆ ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹಣ್ಣು, ಸೊಪ್ಪು, ಮೊಸರು ಎಲ್ಲ ಅರೆದು ಮುಖಕ್ಕೆ ಬಳಿಯುತ್ತಾರೆಂದು ಗೇಟಮ್ಮನೂ ಕೇಳಿದ್ದಳು. ಈಗ ತಲೆಯೊಳಗೆ ಎಲ್ಲ ಕೂಡಿಕೊಂಡಿತು. ಅಯ್ಯೋ, ತಿನ್ನುವ ಹಣ್ಣು ಕಂಡವರ ಕೆನ್ನೆಗೆ ಹೋಗುತ್ತಿದೆ!

"ರೀ, ನೀವಾದ್ರೂ ಒಂದು ಮಾತು ಆಡ್ರೀ," ಅಂದಳು ಗಂಡನ ಕಡೆ ತಿರುಗಿ.

ಯಜಮಾನರು ಒಂದು ತುತ್ತನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸುತ್ತ ಕೂತಿದ್ದರು. ನೀರು ಕುಡಿದು, ಇನ್ನೊಮ್ಮೆ ಕುಡಿದು, "ಹಣ್ಣು ತಾನೇ, ಬಿಡು," ಅಂದರು.

"ಬಿಡು ಅಂತೆ! ತುತ್ತಿಗೊಂದು ಲೋಟ ನೀರು ಕುಡಿದ್ರೆ ಹೊಟ್ಟೇಲಿ ಅನ್ನಕ್ಕೆ ಜಾಗ ಎಲ್ಲಿರತ್ತೆ? ಆ ಹುಳುಕು ಹಲ್ಲು ಕೀಳಿಸ್ಕೊಳ್ಳಿ ಅಂತ ಬಡ್ಕೊಳ್ತಿದೀನಿ, ಕೇಳಲ್ಲ."

"ಕೀಳಿಸ್ತೀನಿ," ಅಂದು ಅವರು ತಟ್ಟೆ ತೆಗೆದುಕೊಂಡು ಎದ್ದರು. ಈ ಮನೆಯಲ್ಲಿ ಅವರವರ ತಟ್ಟೆ ಅವರವರೇ ತೊಳೆಯುವುದು. ಗೇಟಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಿಂದ ಬಂದ ಪದ್ಧತಿ. ತಟ್ಟೆಯಲ್ಲಿ ಏನು ಉಳಿಯಿತು ಎಂದು ಇನ್ನೊಬ್ಬರು ನೋಡುವ ಹಾಗೇ ಇರಲಿಲ್ಲ.

ಮರುದಿನ ಗೇಟಮ್ಮ ಯಾರಿಗೂ ಹೇಳದೆ ಪಾರ್ಲರಿಗೆ ಹೋದಳು. ಗಾಜಿನ ಬಾಗಿಲು ತಳ್ಳಿದರೆ ಒಳಗೆ ಎಸಿ, ಏನೇನೋ ವಾಸನೆ. ಒರಗುಕುರ್ಚಿಯಲ್ಲಿ ಒಬ್ಬ ದೊಡ್ಡ ಹೆಂಗಸು ಕಣ್ಣಿನ ಮೇಲೆ ಸೌತೆಕಾಯಿ ಚೂರು ಇಟ್ಟುಕೊಂಡು, ಕತ್ತಿನವರೆಗೂ ಹಸಿರು ಬಳಿಸಿಕೊಂಡು ಮಲಗಿದ್ದಳು. ಸೊಸೆ ಒಳಗೆ ಬಿಸಿನೀರಿಗೆ ಹೋಗಿದ್ದಳು. ಗೇಟಮ್ಮ ಆ ಕಡೆ ಈ ಕಡೆ ನೋಡಿ, ಆ ಹೆಂಗಸಿನ ಕೆನ್ನೆಯಿಂದ ಕಿರುಬೆರಳಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಇಟ್ಟುಕೊಂಡಳು.

ಮಣ್ಣು. ಅಪ್ಪಟ ಮಣ್ಣು, ಜೊತೆಗೆ ಏನೋ ಕಹಿ.

"ಯಾರದು?" ಕೂಗಿದಳು ಆ ಹೆಂಗಸು. ಎದ್ದು ಕೂತ ರಭಸಕ್ಕೆ ಸೌತೆಕಾಯಿ ಮಡಿಲಿಗೆ ಬಿತ್ತು. "ಯಾರ್ರೀ ನೀವು? ನನ್ನ ಮುಖ ಯಾಕ್ರೀ ನೆಕ್ತಿದೀರಾ?"

ಬಿಸಿನೀರಿನ ಬೋಗುಣಿ ಹಿಡಿದು ಬಂದ ಸೊಸೆ ಹಾಗೇ ನಿಂತುಬಿಟ್ಟಳು. ಅತ್ತೆಯ ನಾಲಗೆಯ ತುದಿಯಲ್ಲಿ ಹಸಿರು ಇನ್ನೂ ಇತ್ತು.

ಆ ಸಂಜೆ ಮನೆ ಎರಡು ಹೋಳಾಯಿತು.

"ಓನರ್ ಮುಂದೆ ನನ್ನ ಮಾನ ತೆಗೆದ್ರಿ," ಸೊಸೆ ಹೇಳಿದಳು. "ಇಷ್ಟು ದಿನ ಬ್ಯಾಗ್ ಮುಟ್ಟಿದ್ರಿ, ಬೀರು ಮುಟ್ಟಿದ್ರಿ, ಸುಮ್ನಿದ್ದೆ. ಇನ್ನೊಂದು ಸಲ ನನ್ನ ಮೇಲೆ ಕಳ್ಳತನ ಹೊರಿಸಿದ್ರೆ ನಾನು, ನನ್ನ ಮಗಳು ಈ ಮನೇಲಿ ಇರಲ್ಲ. ನಿಮ್ಮ ಮಗ ಬರೋದಾದ್ರೆ ಬರಲಿ, ಇಲ್ದಿದ್ರೆ ಇಲ್ಲ."

"ಮಣ್ಣು ಬೆರೆಸಿದ್ದಾರೆ, ಹಣ್ಣಿನ ರುಚಿ ಹೇಗೆ ಗೊತ್ತಾಗಬೇಕು?" ಅಂದಳು ಗೇಟಮ್ಮ.

"ಅಮ್ಮ, ಸಾಕು ನಿಲ್ಲಿಸು!" ಮಗ ಗಂಟಲು ಹರಿಯುವಂತೆ ಕೂಗಿದ. ಅವನು ಅಮ್ಮನ ಮೇಲೆ ಕೂಗಿದ್ದು ಅದೇ ಮೊದಲು.

ಗೇಟಮ್ಮನಿಗೆ ಹೆದರಿಕೆಯಾಯಿತು. ಪುಟ್ಟಿ ಇಲ್ಲದ ಮನೆ ಹೇಗಿರುತ್ತದೆಂದು ಯೋಚಿಸಲೂ ಆಗುತ್ತಿರಲಿಲ್ಲ. ಆದರೆ ಹೆದರಿಕೆಗೂ ಅನುಮಾನಕ್ಕೂ ಅವಳೊಳಗೆ ಜಾಗ ಬೇರೆ ಬೇರೆ. ಬಾಯಿ ಮುಚ್ಚಿಕೊಂಡು ಕಳ್ಳರನ್ನು ಹಿಡಿಯುವುದು ಹೇಗೆಂದು ಅವಳಿಗೆ ಗೊತ್ತಿತ್ತು.

"ರೀ, ಫ್ರೀಜರಿಗೆ ಒಂದು ಬೀಗ ಹಾಕಿಕೊಡಿ," ಅಂದಳು ಬೆಳಿಗ್ಗೆ.

ಯಜಮಾನರು ಡಬ್ಬಿ ಚೀಲ ಹಿಡಿದು ಹೊರಟವರು ನಿಂತರು. "ಮನೆಯೊಳಗೆ ಬೀಗ ಯಾಕೆ? ಬೇಡ ಕಣೆ."

"ನೀವು ಹಾಕ್ತೀರೋ, ಇಲ್ಲ ಬೇರೆಯವರನ್ನ ಕರೀಲೋ?"

ಅವರು ಅವಳ ಮುಖವನ್ನೇ ನೋಡಿದರು. ಏನೋ ಹೇಳುವವರ ಹಾಗೆ ತುಟಿ ಅಲುಗಿತು. ಗಂಟಲು ಸರಿಮಾಡಿಕೊಂಡು, "ಸಂಜೆ ಹಾಕ್ತೀನಿ," ಅಂದರು.

ಸಂಜೆ ಬಂದು ಮುಚ್ಚಳಕ್ಕೆ ಕೊಂಡಿ ಬಡಿದು, ತಮ್ಮ ಅಂಗಡಿಯ ಒಳ್ಳೆಯ ಬೀಗವನ್ನೇ ಹಾಕಿದರು. ಅರ್ಧ ಕೆಲಸಕ್ಕೇ ಕೂತು ಸುಧಾರಿಸಿಕೊಳ್ಳಬೇಕಾಯಿತು. "ವಯಸ್ಸಾಯ್ತು ನಿಮಗೆ," ಅಂದಳು ಗೇಟಮ್ಮ, ಸ್ಕ್ರೂ ಹಿಡಿದು ಪಕ್ಕದಲ್ಲಿ ನಿಂತು. ಎರಡು ಕೀಲಿ ಕೊಟ್ಟಾಗ ಕೇಳಿದಳು: "ಇನ್ನೊಂದೆಲ್ಲಿ?"

"ಎರಡೇ ಇರೋದು. ಎರಡೂ ನಿನ್ನ ಕೈಲೇ ಇದೆ."

"ನೀವು ಮನಸ್ಸು ಮಾಡಿದ್ರೆ ಮೂರನೇದು ಮಾಡೋಕೆಷ್ಟು ಹೊತ್ತು?"

"ಹಾಕಿಕೊಟ್ಟ ಬೀಗ ಮತ್ತೆ ತೆಗೆಯೋನಾಗಿದ್ರೆ ಆ ಮೂಲೇಲಿ ಇಷ್ಟು ವರ್ಷ ಕೂರಕ್ಕೆ ಬಿಡ್ತಿದ್ರಾ ಜನ?" ಅಂದರು ಯಜಮಾನರು. ಅವರಿಗೆ ಬೇಜಾರಾಗಿದ್ದು ಅವಳಿಗೂ ಗೊತ್ತಾಯಿತು. ಇಡೀ ಪೇಟೆಯ ಅಂಗಡಿ ಮನೆಗಳ ಬೀಗ ಆ ಕೈಯಿಂದ ಬಂದವು. ಒಂದರ ಮೇಲೂ ಆ ಕೈ ಎರಡನೇ ಸಲ ಬಿದ್ದ ಮಾತಿಲ್ಲ.

ಬೀಗ ಬಿದ್ದ ಮೇಲೆ ಒಂದೇ ಒಂದು ಪ್ಯಾಕೆಟ್ಟು ಅಲುಗಲಿಲ್ಲ. ಗೇಟಮ್ಮ ಒಂದು ವಾರ ನೋಡಿದಳು, ಇನ್ನೊಂದು ವಾರ ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ ಅನ್ನ ಬಡಿಸುತ್ತ, ಯಾರಿಗೂ ಹೇಳದವಳ ಹಾಗೆ ಹೇಳಿದಳು: "ಬೀಗ ಹಾಕಿದ್ದೇ ಹಾಕಿದ್ದು, ಕಳ್ಳತನ ನಿಂತೇ ಹೋಯ್ತು. ವಿಚಿತ್ರ ಅಲ್ವಾ?"

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಗಂಡನ ಮುಖ ನೋಡಿದಳು, ಆಮೇಲೆ ಯಾಕೋ ಮಾವನ ಮುಖ ನೋಡಿದಳು. ಯಜಮಾನರು ತಲೆ ತಗ್ಗಿಸಿ ಹಾಲಲ್ಲಿ ಬ್ರೆಡ್ಡು ಕಿವುಚುತ್ತಿದ್ದರು.

"ಮನೆ ನೋಡ್ರೀ," ಅಂದಳು ಸೊಸೆ ಗಂಡನಿಗೆ. ಅಷ್ಟೇ ಹೇಳಿದ್ದು.

ವ್ಯಾನ್ ನಿಲ್ಲಿಸುವ ಶೆಡ್ಡಿನ ಹತ್ತಿರವೇ ಎರಡು ರೂಮಿನ ಮನೆ ಸಿಕ್ಕಿತು. ಮಗ ತನ್ನ ವ್ಯಾನಿಗೇ ಸಾಮಾನು ಹೇರಿದ. ಪುಟ್ಟಿ ಬಾಗಿಲಲ್ಲಿ ನಿಂತು ಬ್ಯಾಗನ್ನು ಅಜ್ಜಿಯ ಮುಂದೆ ಹಿಡಿದು, "ಚೆಕ್ ಮಾಡ್ಕೋ," ಅಂದಳು. ತಮಾಷೆಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಗೇಟಮ್ಮ ಮುಟ್ಟಲಿಲ್ಲ. ಯಜಮಾನರು ವ್ಯಾನಿನವರೆಗೂ ಹೋಗಿ ಸೊಸೆಯ ಹತ್ತಿರ ಏನೋ ಹೇಳಲು ನಿಂತರು. ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಮಗ ಗಾಡಿ ಸ್ಟಾರ್ಟ್ ಮಾಡಿದ್ದ.

ಇಬ್ಬರೇ ಆದ ಮೇಲೆ ಅಡುಗೆ ಎಷ್ಟು ಕಮ್ಮಿ ಮಾಡಿದರೂ ಮಿಗುತ್ತಿತ್ತು. ಗೇಟಮ್ಮ ಒಬ್ಬಳೇ ಮಾತಾಡುತ್ತಿದ್ದಳು. ಯಜಮಾನರು ಮೊದಲೇ ಮೌನಿ, ಈಗ ದನಿಯೂ ಒಡೆದುಹೋಗಿತ್ತು. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಮೈಮೇಲೆ ನೇತಾಡುತ್ತಿತ್ತು. ಮಗ ಹೋದ ಕೊರಗು ಅಂದುಕೊಂಡಳು, ತನ್ನ ಮೇಲಿನ ಸಿಟ್ಟು ಅಂದುಕೊಂಡಳು. ಅಂದುಕೊಂಡಷ್ಟೂ ಅವಳಿಗೂ ಸಿಟ್ಟು ಬಂತು. ರಾತ್ರಿ ಮುಟ್ಟೀ ಮುಟ್ಟದ ಹಾಗೆ ಊಟ, ಆದರೆ ಮಧ್ಯಾಹ್ನದ ಡಬ್ಬಿ ಮಾತ್ರ ದಿನವೂ ಥಳಥಳ ತೊಳೆದು ಖಾಲಿ ಬರುತ್ತದೆ! ಗೇಟಿನಲ್ಲಿ ಅತಿಯಾಗಿ ತೊಳೆದ ಡಬ್ಬಿ ಕಂಡರೆ ಅವಳು ಮೂಸಿ ನೋಡುತ್ತಿದ್ದಳು.

ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಅಡುಗೆ ಮಾಡಿ ಡಬ್ಬಿ ತುಂಬಿಸಿ ಕಳಿಸಿದಳು. ಸಂಜೆ ಕೇಳಿದಳು:

"ಊಟ ಹೇಗಿತ್ರೀ?"

"ಚೆನ್ನಾಗಿತ್ತು."

"ಉಪ್ಪು, ಖಾರ?"

"ಎಲ್ಲ ಸರಿಯಾಗಿತ್ತು."

ಓಹೋ, ಅಂದುಕೊಂಡಳು ಗೇಟಮ್ಮ. ಡಬ್ಬಿ ಸೊಸೆಯ ಮನೆಗೆ ಹೋಗುತ್ತಿದೆ. ಅಲ್ಲಿ ಕೂತು ಮಗ, ಸೊಸೆ, ಮೊಮ್ಮಗಳ ಜೊತೆ ಬಿಸಿಬಿಸಿ ಊಟ ನಡೆಯುತ್ತಿದೆ, ನಾನೊಬ್ಬಳು ಇಲ್ಲಿ ದೆವ್ವದ ಹಾಗೆ. ಆ ರಾತ್ರಿ ಅವಳಿಗೆ ಹೊಟ್ಟೆಕಿಚ್ಚಿನಲ್ಲಿ ನಿದ್ದೆ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಪೇಟೆಗೆ ಹೋದಳು. ಗೂಡಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಪಕ್ಕದಲ್ಲಿ ಛತ್ರಿ ರಿಪೇರಿ ಮಾಡುವವನು ಅವಳದೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪರಿಸುತ್ತಿದ್ದ.

"ಏನಪ್ಪಾ ಇದು?" ಅಂದಳು ಗೇಟಮ್ಮ.

ಅವನು ಗಾಬರಿಯಾಗಿ ಎದ್ದ. "ಅಯ್ಯೋ ಬನ್ನಿ ಅಮ್ಮ. ಯಜಮಾನ್ರೇ ಕೊಡೋದು, ದಿನಾ. ಬೇಡ ಅಂದ್ರೂ ಕೇಳಲ್ಲ. ಕೈರುಚಿ ಅಂದ್ರೆ ನಿಮ್ದು. ಆದ್ರೆ ನಿನ್ನೆ ಒಂದಿನ ಉಪ್ಪು ಮರೆತಿದ್ರಿ ನೋಡಿ."

"ಅವರೆಲ್ಲಿ?"

ಅವನು ಎದುರಿಗಿದ್ದ ಜ್ಯೂಸ್ ಅಂಗಡಿ ತೋರಿಸಿದ.

ಒಳಗೆ ಹಿಂದಿನ ಬೆಂಚಿನಲ್ಲಿ ಯಜಮಾನರು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಮುಂದೆ ಒಂದು ಲೋಟ, ಒಂದು ಚಮಚ. ಗೇಟಮ್ಮ ಕರೆಯಲಿಲ್ಲ, ಕಂಬದ ಮರೆಯಲ್ಲಿ ನಿಂತು ನೋಡಿದಳು. ಅವರು ಚಮಚದ ತುದಿಯಲ್ಲಿ ಹಸಿರು ತಿರುಳು ತೆಗೆದು ಬಾಯಿಗಿಟ್ಟುಕೊಂಡು, ಎದೆ ಮೇಲೆ ಕೈ ಒತ್ತಿ, ಕತ್ತು ಮುಂದಕ್ಕೆ ಚಾಚಿ ನುಂಗಿದರು. ಕಣ್ಣು ಬಿಗಿದುಕೊಂಡವು. ಸುಧಾರಿಸಿಕೊಂಡು ಇನ್ನೊಂದು ಚಮಚ. ಆ ಸಲ ಇಳಿಯಲಿಲ್ಲ. ಕರ್ಚೀಫು ಬಾಯಿಗೆ ಒತ್ತಿಕೊಂಡು ಬಾಗಿ ಕೂತುಬಿಟ್ಟರು.

"ನಿಮಗೇನು ಬೇಕಿತ್ತಮ್ಮ?" ಅಂದ ಜ್ಯೂಸಿನವನು.

"ಅವರು... ಅವರು ನನ್ನ ಯಜಮಾನರು."

ಜ್ಯೂಸಿನವನು ದನಿ ತಗ್ಗಿಸಿದ. "ಹೌದಾ? ಬೇಗ ಎಲ್ಲಾದ್ರೂ ತೋರಿಸಿ ಅಮ್ಮ. ನಾನು ಹೇಳೀ ಹೇಳೀ ಸಾಕಾಯ್ತು. ಮೊದಲು ಮನೆಯಿಂದ ತಿರುಳು ತರ್ತಿದ್ರು, ಇಲ್ಲಿ ಕೂತು ತಿಂದ್ಕೊಂಡು ಹೋಗೋರು. ಅದು ಜಾರಿಕೊಂಡು ಇಳಿಯತ್ತೆ, ಬೇರೆ ಏನೂ ಇಳಿಯಲ್ಲ ಅಂತ. ಈಗ ತರಲ್ಲ. ಸೀಸನ್ ಬೇರೆ ಮುಗೀತು, ನನಗೂ ಹಣ್ಣು ಸಿಗಲ್ಲ. ಇಲ್ಲದ ದಿನ ಬರೀ ಹಾಲು ಕುಡಿದು ಹೋಗ್ತಾರೆ. ಈಗೀಗ ಅದೂ ಕಷ್ಟ."

ಗೇಟಮ್ಮ ಹೋಗಿ ಗಂಡನ ಎದುರು ಕೂತಳು. ಯಜಮಾನರು ಅವಳನ್ನು ನೋಡಿ ಲೋಟವನ್ನು ಕೈಯಿಂದ ಮುಚ್ಚಿದರು, ಅದನ್ನೂ ಕಿತ್ತುಕೊಳ್ಳುತ್ತಾಳೇನೋ ಅನ್ನುವಂತೆ. ಅದನ್ನು ನೋಡಿ ಅವಳಿಗೆ ಅಳು ಉಕ್ಕಿತು.

"ಎಷ್ಟು ದಿನದಿಂದ್ರೀ ಇದು?"

ಅವರು ಚಮಚವನ್ನು ಪಕ್ಕಕ್ಕೆ ಸರಿಸಿದರು.

"ಮನೇಲಿ ನಾನೊಬ್ಬಳು ಮನುಷ್ಯಳು ಇರಲಿಲ್ವಾ? ಎಲ್ಲರನ್ನೂ ಕೇಳ್ಕೊಂಡು ತಿರುಗಾಡ್ದೆನಲ್ಲ!"

"ಎಲ್ಲರನ್ನೂ ಕೇಳ್ದೆ. ನನ್ನ ಕೇಳಲಿಲ್ಲ."

"ಸರಿ, ನಾನು ಕೇಳಲಿಲ್ಲ, ಪಾಪಿ ನಾನು. ಆ ಹುಡುಗಿ ಕಳ್ಳಿ ಅನ್ನಿಸ್ಕೊಂಡು ಹೊರಟು ಹೋದ್ಲಲ್ಲ, ಆಗಲಾದ್ರೂ ಬಾಯಿ ಬಿಡಬಾರದಿತ್ತಾ ನೀವು?"

"ಬಿಡಬೇಕಿತ್ತು." ಯಜಮಾನರು ಕರ್ಚೀಫು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ ನೀನು. ಅವರು ಅದಕ್ಕೊಂದು ಹೆಸರು ಹೇಳಿಬಿಡ್ತಾರೆ. ಅಣ್ಣ ಹೋಗಿದ್ದೂ ಹೀಗೇ ಗಂಟಲಿಂದ ಶುರುವಾಗಿ ತಾನೇ. ನಂಗೆ ಹೆದರಿಕೆ ಕಣೆ. ನಾಚಿಕೆಗೆಟ್ಟೋನು ನಾನು, ಆ ಹುಡುಗಿ ಮೇಲೆ ಕಳ್ಳತನ ಬರ್ತಿದ್ರೂ ಸುಮ್ನಿದ್ದೆ."

"ಮತ್ತೆ ಆ ಬೀಗ? ಒಂದು ತಂತಿ ಸಾಕಾಗಿತ್ತಲ್ಲ ನಿಮಗೆ! ಹಸ್ಕೊಂಡು ಯಾಕ್ರೀ ಇದ್ರಿ?"

"ಕೀಲಿ ನಿನ್ನ ಕೈಗೆ ಕೊಟ್ಟಿದ್ದೆನಲ್ಲ," ಅಂದರು ಯಜಮಾನರು. ಅವರ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿದಿತ್ತು.

ಗೇಟಮ್ಮ ಅವರ ರೆಟ್ಟೆ ಹಿಡಿದು ಎಬ್ಬಿಸಿದಳು. ಹೆಂಗಸರ ಸೊಂಟದಲ್ಲಿ ಅಡಗಿಸಿಟ್ಟ ಮೀನಿನ ತುಂಡನ್ನು ಸೀರೆಯ ಮೇಲಿನಿಂದಲೇ ಕಂಡುಹಿಡಿಯುತ್ತಿದ್ದ ಕೈ ಅದು. ಈ ರೆಟ್ಟೆ ಬರೀ ಎಲುಬಾಗಿರುವುದು ಆ ಕೈಗೆ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಅಲ್ಲಿಂದ ಆಟೋದಲ್ಲಿ ನೇರ ಮಗನ ಮನೆಗೆ. ಸೊಸೆ ಬಾಗಿಲು ತೆಗೆದಳು. ಅತ್ತೆಯನ್ನು ನೋಡಿ ಮುಖ ಗಂಟಿಕ್ಕಿದಳು.

"ಕಳ್ಳ ಸಿಕ್ಕಿದ್ರು," ಅಂದಳು ಗೇಟಮ್ಮ. "ನಿನ್ನ ಕಾಲು ಹಿಡ್ಕೋ ಅಂದ್ರೆ ಹಿಡ್ಕೋತೀನಿ. ಆದ್ರೆ ಈಗ ಅದಕ್ಕೆ ಹೊತ್ತಿಲ್ಲ. ನಿನ್ನ ಮಾವನ ಗಂಟಲಲ್ಲಿ ಏನೂ ಇಳೀತಿಲ್ಲ ಕಣೇ. ತಿಂಗಳುಗಳಿಂದ ಆ ಹಣ್ಣಲ್ಲೇ ಜೀವ ಹಿಡಿದಿದ್ದಾರೆ."

ಸೊಸೆ ಮಾವನ ಕಡೆ ನೋಡಿದಳು. ಮುಖದ ಬಣ್ಣ ಇಳಿಯಿತು. "ನಾನು ನೋಡಿದ್ದೆ," ಅಂದಳು ಮೆಲ್ಲಗೆ. "ಒಂದು ಬೆಳಿಗ್ಗೆ ಮಾವ ಪ್ಯಾಕೆಟ್ ತೆಗೆದು ಡಬ್ಬಿ ಚೀಲಕ್ಕೆ ಹಾಕ್ಕೊಳ್ತಿದ್ರು. ನನ್ನ ಕಂಡು ನಕ್ಕರು. ಪಾಪ, ಆಸೆಯಾಗಿರಬೇಕು ಅಂತ ನಾನೂ ನಕ್ಕು ಸುಮ್ಮನಾದೆ."

"ನೋಡಿದೋಳು ಹೇಳಬಾರದಿತ್ತೇನೇ ನಂಗೆ?"

"ಹೇಳಿದ್ರೆ ಏನ್ಮಾಡ್ತಿದ್ರಿ? ಅವರ ಡಬ್ಬೀನೂ ಬಿಚ್ಚಿಸ್ತಿದ್ರಿ!"

"ಹ್ಞೂಂ, ಬಿಚ್ಚಿಸ್ತಿದ್ದೆ! ಬಿಚ್ಚಿಸಿದ್ರೆ ಗೊತ್ತಾಗ್ತಿತ್ತಲ್ಲೇ!"

ಸೊಸೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡಲಾರದೆ ಯಜಮಾನರ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯೇ ಮೊದಲು ಎದ್ದು ಗಂಡನಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಗಂಟಲಿನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಕತ್ತು ಒತ್ತಿ ನೋಡಿದಳು, ಬಾಯೊಳಗೆ ಬೆಳಕು ಬಿಟ್ಟು ನೋಡಿದಳು, ತೂಕ ನೋಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ನಾಳೆ ಬೆಳಿಗ್ಗೆಯೇ ಒಳಗೆ ಕೊಳವೆ ಬಿಟ್ಟು ನೋಡಬೇಕು ಅಂದಳು. ಮಗ ಗೋಡೆಗೆ ಒರಗಿ ನಿಂತಿದ್ದ. ಸೊಸೆ ಮಾವನ ಚೀಲ ಹಿಡಿದುಕೊಂಡು ಅವನ ಪಕ್ಕದಲ್ಲಿದ್ದಳು.

"ನುಂಗೋಕೆ ಕಷ್ಟ ಆಗ್ತಿರೋದು ಯಾವಾಗಿನಿಂದ?" ಡಾಕ್ಟರ್ ಪೆನ್ನು ತೆಗೆದುಕೊಂಡಳು.

"ಈಗೊಂದು ಎರಡು ವಾರದಿಂದ," ಅಂದರು ಯಜಮಾನರು.

"ಸುಳ್ಳು," ಅಂದಳು ಗೇಟಮ್ಮ. "ನಾನು ಹೇಳ್ತೀನಿ ಡಾಕ್ಟ್ರೇ. ಮರದ ಕೊನೇ ಬುಟ್ಟಿ ಇಳಿಸಿದ ವಾರ ಶುರು. ಆಗ ವಾರಕ್ಕೊಂದು ಪ್ಯಾಕೆಟ್ ಹೋಗ್ತಿತ್ತು, ಅಂದ್ರೆ ಆಗ ಮಿಕ್ಕ ದಿನ ಅನ್ನ ಇಳೀತಿತ್ತು. ಮೊಮ್ಮಗಳ ಶಾಲೆ ಪರೀಕ್ಷೆ ಶುರುವಾದಾಗ ದಿನ ಬಿಟ್ಟು ದಿನ ಹೋಗ್ತಿತ್ತು. ನಾನು ಪಾರ್ಲರಿಗೆ ಹೋದ ವಾರ ದಿನಾನೂ ಒಂದೊಂದು. ಒಂದಿನಾನೂ ತಪ್ಪಿಲ್ಲ, ನಾನೇ ನೋಡಿದೀನಿ."

ಪ್ಯಾಕೆಟ್ಟು, ಪಾರ್ಲರು ಏನೊಂದೂ ಡಾಕ್ಟರಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೂ ಅವಳು ಬರೆದುಕೊಂಡಳು, ಮಧ್ಯೆ ಮಧ್ಯೆ ಗೋಡೆಯ ಕ್ಯಾಲೆಂಡರ್ ನೋಡಿದಳು. "ಇಷ್ಟು ಸರಿಯಾಗಿ ಯಾರೂ ಹೇಳಲ್ಲ," ಅಂದಳು. "ಅದಾದ ಮೇಲೆ?"

ಗೇಟಮ್ಮ ಬಾಯಿ ತೆರೆದಳು. ಗಂಡನ ಕಡೆ ನೋಡಿದಳು. ಸೊಸೆ, "ಅತ್ತೆ, ಬಿಡಿ," ಅಂದಳು.

"ಇಲ್ಲ, ಹೇಳ್ತೀನಿ. ಅದಾದ ಮೇಲೆ ಇವರು ತಿಂದಿಲ್ಲ ಡಾಕ್ಟ್ರೇ. ತಿನ್ನೋಕೆ ನಾನು ಬಿಡಲಿಲ್ಲ. ಪೆಟ್ಟಿಗೆಗೆ ಬೀಗ ಹಾಕಿಸಿಬಿಟ್ಟೆ."

ಡಾಕ್ಟರ ಪೆನ್ನು ನಿಂತಿತು.

"ಬೀಗ ಹಾಕಿದ್ದು ನಾನೇ," ಅಂದರು ಯಜಮಾನರು ಒಡೆದ ದನಿಯಲ್ಲಿ. "ಅವಳದ್ದೇನೂ ಇಲ್ಲ ಇದ್ರಲ್ಲಿ."

"ಸುಮ್ನಿರ್ರೀ ನೀವು," ಗೇಟಮ್ಮ ಗಟ್ಟಿಯಾಗಿ ಅಳುತ್ತ ಹೇಳಿದಳು. "ನೀವು ಬರ್ಕೊಳ್ಳಿ ಡಾಕ್ಟ್ರೇ. ನಾನೇ ಹೇಳ್ತಿದೀನಲ್ಲ, ಬರ್ಕೊಳ್ಳಿ."